ನಳದ ಬೆನ್ನು ಹತ್ತಿ

"ನಗು ಬೇ. ಯಾರ ಸತ್ತಾರಂತ ಹಂಗ ಮಾರಿ ಗಂಟ ಹಾಕ್ಕೊಂಡ ನಿಂತಿ?"

ಸತ್ತವನು ಪರಸವ್ವನ ಗಂಡ ಶಾಂತಪ್ಪ. ಇನ್ನೂ ವರ್ಷ ತುಂಬಿರಲಿಲ್ಲ. ಅದೇನು ಹೀಗೆ ಕೇಳಿದ ಅಜಿತಗೌಡನಿಗೆ ಗೊತ್ತಿಲ್ಲದ ಸಂಗತಿಯಲ್ಲ. ತಿಕೋಟಾ ರಸ್ತೆಯ ಅವನದೇ ದ್ರಾಕ್ಷಿ ತೋಟದಲ್ಲಿ ಔಷಧ ಹೊಡೆಯುತ್ತಿದ್ದಾಗ ಶಾಂತಪ್ಪ ಉರುಳಿಬಿದ್ದದ್ದು. ಆದರೆ ಅವತ್ತು ಪಂಚಾಯ್ತಿ ಮೆಂಬರನಾದ ಗೌಡನಿಗೆ ವಿಜಯಪುರದಿಂದ ಬಂದ ಟಿವಿಯವರದೇ ಚಿಂತೆ. ಕೇರಿಯ ಮನೆಮನೆಗೂ ಸರ್ಕಾರದ ನಳ ಬಂದಿತ್ತು. ಅದರಲ್ಲಿ ನೀರು ಬೀಳುವುದನ್ನು ನಾಡಿಗೆಲ್ಲ ತೋರಿಸಬೇಕಿತ್ತು.

ಕ್ಯಾಮೆರಾದವನು ಪರಸವ್ವನನ್ನು ನೋಡಿ, "ಬೋಳ ಹಣಿ ಚಂದ ಕಾಣಂಗಿಲ್ರಿ ಗೌಡ್ರ" ಎಂದ. ಗೌಡ ಪಕ್ಕದ ಮನೆಯ ಆಮ್ರಪಾಲಿಯ ಹಣೆಯ ಮೇಲಿನ ಟಿಕಳಿ ಕೀಳಿಸಿ ಇವಳ ಕೈಗೆ ಕೊಡಿಸಿದ.

"ಹಚ್ಕೋ. ನಿನ್ನ ಗಂಡ ಸತ್ತದ್ದು ಟಿವ್ಯಾಗ ಯಾರಿಗಿ ಗೊತ್ತಾಗತೈತಿ?"

ಹಚ್ಚಿಕೊಂಡಳು. ಆಮೇಲೆ ನಳ ತಿರುವಿದಳು.

ನೀರು ಬಂತು. ಸುಳ್ಳಲ್ಲ, ಭರ್ರನೆ ಬಂತು. ಪರಸವ್ವ ಟಿಕಳಿಯನ್ನೂ ಮರೆತಳು, ಗೌಡನನ್ನೂ ಮರೆತಳು. ಯಾರೂ ಹೇಳಿಕೊಡದೆಯೇ, "ನಮ್ಮ ಮನಿ ಮುಂದ ನೀರ ಬಂತ್ರಿ" ಎಂದು ಬಾಯಿತುಂಬ ನಕ್ಕುಬಿಟ್ಟಳು. ಒಂದು ಕೊಡ ತುಂಬಿತು. ಟಿವಿಯವರ ಗಾಡಿ ಊರು ದಾಟುವಷ್ಟರಲ್ಲಿ ನಳ ಕೆಮ್ಮಿ, ಗೊರಗುಟ್ಟಿ, ಸುಮ್ಮನಾಯಿತು.

ಆ ವಾರದಿಂದ ಕೇರಿಗೆ ಬರುತ್ತಿದ್ದ ನೀರಿನ ಟ್ಯಾಂಕರ್ ನಿಂತಿತು. ಕೇಳಲು ಹೋದ ಪರಸವ್ವನನ್ನು ಪಂಚಾಯ್ತಿ ಸಾಹೇಬ ಬಾಗಿಲಲ್ಲೇ ನಿಲ್ಲಿಸಿ ಮೊಬೈಲಿನಲ್ಲಿ ಆ ಟಿವಿ ವಿಡಿಯೊ ತೋರಿಸಿದ.

"ಇಕಿ ಯಾರು?"

"ನಾನರಿ."

"ನೀರ ಬಂತು ಅಂದಾಕಿ ಯಾರು?"

"ನಾನರಿ. ಅವತ್ತ ಬಂದಿತ್ರಿ ಯಪ್ಪಾ, ಆಮ್ಯಾಲೆ ಬಂದಿಲ್ಲ."

"ನಿಮ್ಮ ಜನಕ್ಕ ಎಷ್ಟ ಮಾಡಿದ್ರೂ ಅಷ್ಟ. ಟಿವ್ಯಾಗ ಒಂದ, ಇಲ್ಲೆ ಒಂದ. ಸರ್ಕಾರದ ಲೆಕ್ಕದಾಗ ನಿಮ್ಮ ಕೇರಿಗಿ ನೀರ ಮುಟ್ಟೇತಿ. ನಡಿ."

ಕೇರಿಯವರಂತೂ ಅವಳನ್ನು ಹುರಿದು ತಿಂದರು. ಗೌಡನ ಹೊಲದ ಬಾವಿಯಿಂದ, ಅವನ ಆಳುಗಳ ಬೈಗುಳ ತಿಂದು ಕೊಡ ಹೊತ್ತು ಬರುವ ಹೆಂಗಸರು ಅವಳ ಮನೆ ಮುಂದೆ ಬಂದಾಗ ಉಗುಳಿ ಹೋಗತೊಡಗಿದರು. ಎದುರಿಗೇ ಅಂದವಳು ಆಮ್ರಪಾಲಿ.

"ಎಷ್ಟಕ್ಕ ಮಾರ್ಕೊಂಡಿ ಚಿಗವ್ವ? ನನ್ನ ಟಿಕಳಿ ಹಚ್ಕೊಂಡ ಕೇರಿ ಬಾಯಾಗ ಮಣ್ಣ ಹಾಕೀದಿ."

"ಕಣ್ಣಾರೆ ನೋಡೇನವ್ವಾ. ನೀರ ಬಂದಿತ್ತು."

"ನಿನ್ನ ಕಣ್ಣಿಗಿ ಹೊಲಸ ಬಡೀಲಿ."

ಮಾತಾಡಿಸುವವರಿಲ್ಲದ ಮನೆಯಲ್ಲಿ ಪರಸವ್ವ ಗೋಡೆಯ ಮೇಲಿನ ಬಾಬಾಸಾಹೇಬರ ಫೋಟೋಕ್ಕೂ ಶಾಂತಪ್ಪನ ಫೋಟೋಕ್ಕೂ ಅದನ್ನೇ ಹೇಳಿದಳು. ಸುಳ್ಳು ಹೇಳಿದ್ದರೆ ಒಪ್ಪಿಕೊಂಡು ಕಾಲಿಗೆ ಬೀಳಬಹುದಿತ್ತು. ಅವಳು ಹೇಳಿದ್ದು ಕಂಡದ್ದನ್ನು. ಕಂಡದ್ದೇ ಸುಳ್ಳಾಗಿದ್ದರೆ ಏನು ಮಾಡಬೇಕು? ಟಿವಿ ಹೇಳುವುದು ಬೇಡ, ಸಾಹೇಬ ಹೇಳುವುದು ಬೇಡ, ಕೇರಿಯವರ ಬಾಯಿಯೂ ಬೇಡ. ಆ ನೀರು ಎಲ್ಲಿಂದ ಬಂದಿತ್ತೆಂದು ತನಗೆ ಗೊತ್ತಾಗಬೇಕು. ಇಲ್ಲದಿದ್ದರೆ ಈ ಕೇರಿಯಲ್ಲಿ ಬಾಳುವೆ ಇಲ್ಲ.

ಬೆಳಗಾದ ಮೇಲೆ ಕೂಲಿಗೆ ಹೋಗಲಿಲ್ಲ. ಗುದ್ದಲಿ ತಗೊಂಡು ನಳದ ಬುಡದಲ್ಲಿ ಇಳಿದಳು. ಕಾಲುವೆ ಕೆಲಸದಲ್ಲಿ ಅರ್ಧ ಆಯುಷ್ಯ ಸವೆಸಿದ ಕೈ ಅದು. ಒಮ್ಮೆ ಅಗೆದು ಮುಚ್ಚಿದ ಮಣ್ಣು ಮೆತ್ತಗಿರುತ್ತದೆ, ಅಗೆಯದ ನೆಲದಲ್ಲಿ ಗುದ್ದಲಿ ಎಗರುತ್ತದೆ. ಮೆತ್ತಗಿದ್ದ ಕಡೆ ಅಗೆಯುತ್ತ ಪೈಪಿನ ಬೆನ್ನು ಹತ್ತಿದಳು.

"ತಲಿ ಕೆಟ್ಟೇತಿ ಮುದಿಕಿಗಿ. ಹಾದಿ ಕಡ್ಯಾಕತ್ತಾಳ."

ಹಾಗಂದ ಕೇರಿಯವರಲ್ಲಿ ಯಾರೂ ಬಂದು ಒಂದು ಬುಟ್ಟಿ ಮಣ್ಣು ಎತ್ತಿ ಹಾಕಲಿಲ್ಲ. ಬಿಸಿಲೇರಿತು, ಅಂಗೈ ಬೊಬ್ಬೆ ಒಡೆಯಿತು. ಪೈಪು ಅವಳ ಮನೆಯ ಗೋಡೆ ಬಳಸಿ ಸಮುದಾಯ ಭವನದ ಹಿಂದಕ್ಕೆ ಹೊರಳಿತು, ಜಾಲಿ ಗಿಡದ ಹತ್ತಿರ ಮುಗಿದೇ ಹೋಯಿತು. ಅದರಾಚೆ ಗುದ್ದಲಿ ಠಣ್ಣೆಂದು ಎಗರಿತು, ಬರೀ ಕಲ್ಲು. ಪೈಪಿನ ಬಾಯಲ್ಲಿ ಹಸಿರು ಪೈಪಿನ ತುಂಡೊಂದು ಇನ್ನೂ ಸಿಕ್ಕಿಕೊಂಡಿತ್ತು, ಮೇಲೆ ಸೈಕಲ್ ಟ್ಯೂಬು ಸುತ್ತಿ ಬಿಗಿದಿದ್ದರು. ಬಿಚ್ಚುವ ಪುರುಸೊತ್ತಿಲ್ಲದೆ ಕತ್ತರಿಸಿ ಮಣ್ಣೆಳೆದಿದ್ದರು. ಆ ಹಸಿರು ಪೈಪು ಕೇರಿಗೆಲ್ಲ ಪರಿಚಯದ್ದು. ನಿಂತುಹೋದ ಟ್ಯಾಂಕರಿನದು. ಅವತ್ತು ಟ್ಯಾಂಕರನ್ನು ಭವನದ ಹಿಂದೆ ಮರೆ ಮಾಡಿ ನಿಲ್ಲಿಸಿ ಅವಳ ನಳಕ್ಕೆ ನೀರು ಬಿಟ್ಟಿದ್ದರು.

ಪರಸವ್ವನಿಗೆ ಅಳು ಬಂತು. ಸಿಟ್ಟಿಗಲ್ಲ. ತಾನು ನಕ್ಕಿದ್ದೆನಲ್ಲ, ಅದಕ್ಕೆ.

ಸುದ್ದಿ ತಿಳಿದು ಅಜಿತಗೌಡ ಬೈಕಿನ ಮೇಲೆ ಬಂದ.

"ಲೇ ಸೂಳಿ, ಸರ್ಕಾರದ್ದು ಕಿತ್ತ ಹಾಕ್ತಿ? ಪೊಲೀಸರನ್ನ ಕರಸ್ತೀನಿ."

"ಕರಸ್ರಿ. ಆ ಕ್ಯಾಮೆರಾದವನ್ನೂ ಕರಸ್ರಿ. ಈ ಸಲ ನೀವು ಹೇಳೂದ ಬ್ಯಾಡ, ನಾನ ನಗತೇನಿ."

ಗೌಡ ಸುತ್ತ ನಿಂತವರ ಕಡೆ ತಿರುಗಿದ. "ಏನ ನೋಡ್ತೀರಿ ಲೇ? ಮುಚ್ಚರಿ ತಗ್ಗ."

ಪರಸವ್ವ ತಾನು ಅಗೆದ ತಗ್ಗಿನೊಳಗೆ ಇಳಿದು ಕುಳಿತಳು, ಪೈಪಿನ ಬಾಯಿ ತೊಡೆಯ ಮೇಲಿಟ್ಟುಕೊಂಡು. "ಮುಚ್ಚರಿ" ಎಂದಳು.

ಯಾರೂ ಸಲಿಕೆ ಎತ್ತಲಿಲ್ಲ. ಯಾರೂ ಅವಳ ಹತ್ತಿರವೂ ಬರಲಿಲ್ಲ. ಗೌಡ ಬೈಯುತ್ತ ಬೈಕು ಹತ್ತಿದ ಮೇಲೆ ಒಬ್ಬೊಬ್ಬರೇ ಮನೆಗೆ ಸರಿದರು.

ಆಮ್ರಪಾಲಿ ಮಾತ್ರ ಹಸಿರು ಪೈಪಿನ ತುಂಡನ್ನೇ ನೋಡುತ್ತ ನಿಂತಿದ್ದಳು. ಆಮೇಲೆ ತನ್ನ ಮನೆಯ ಮುಂದಿನ ನಳದ ಹತ್ತಿರ ಹೋಗಿ ಎರಡೂ ಕೈಯಲ್ಲಿ ಹಿಡಿದು ಅಲುಗಾಡಿಸಿ ಜಗ್ಗಿದಳು. ಮೂಲಂಗಿ ಕಿತ್ತಂತೆ ಬಂತು. ಕೆಳಗೆ ಮೊಳದುದ್ದದ ಪೈಪು, ಅದರ ತುದಿಗೆ ಒಣ ಮಣ್ಣು.

ಅದನ್ನು ಹಿಡಿದುಕೊಂಡು ಅವಳು ಹೊಸ್ತಿಲ ಮುಂದೆ ನಿಂತಳು. ಪರಸವ್ವನ ಕಡೆ ನೋಡಲಿಲ್ಲ. ಎದುರು ಸಾಲಿನ ಮನೆಗಳವರು ಬಾಗಿಲ ಸಂದಿಯಿಂದ ಎಲ್ಲ ನೋಡುತ್ತಿದ್ದರು. ತಮ್ಮ ತಮ್ಮ ನಳಕ್ಕೆ ಯಾರೂ ಕೈ ಹಚ್ಚಲಿಲ್ಲ.