ಎಂಬತ್ತೇಳನೇ ನಂಬರಿನ ಒರೆ

ಇದು ನಿಜವಾಗಿ ನಡೆದದ್ದು. ಅನುಮಾನವಿದ್ದರೆ ಗುಂಡುಲಾಳ ಬಿಯರಂಗಡಿಗೆ ಬಂದು ಕೇಳಿ. ಬಿಯರಿಗೆ ನೊರೆ ಜಾಸ್ತಿ ಹಾಕುತ್ತಾಳೆ, ಮಾತಿಗೆ ಹಾಕುವವಳಲ್ಲ.

ಭಾನುವಾರ ಬೆಳಿಗ್ಗೆ ಚರ್ಚಿನಲ್ಲಿರಬೇಕಾದ ಹೊತ್ತಿಗೆ ಬಯೋನೆಟ್, ಅಂದರೆ ಬಂದೂಕಿನ ತುದಿಗೆ ಸಿಕ್ಕಿಸುವ ಕತ್ತಿಯ ಹುಚ್ಚರಾದ ನಾವು ಅಲ್ಲಿ ಸೇರುತ್ತೇವೆ. ಜರ್ಮನಿಯ ಕತ್ತಿಯೂರು ನಮ್ಮ ಸೋಲಿಂಗನ್‌ನಲ್ಲಿ ಕತ್ತಿ ಮಾಡದವರು ಕತ್ತಿ ಕೂಡಿಡುತ್ತಾರೆ. ಚಕ್ರವರ್ತಿ ಕೈಸರನ ಕಾಲದ್ದೊಂದು ಮೇಜಿಗೆ ಬಂದರೆ ಸಾಕು, ಹಸಿಮಾಂಸ ಈರುಳ್ಳಿಯ ಬ್ರೆಡ್ಡು ಬದಿಗಿಟ್ಟು ಎಲ್ಲರೂ ಹಿಡಿಯ ಅಡ್ಡಪಟ್ಟಿಗೆ ಮೂಗು ತಾಗಿಸುತ್ತೇವೆ: ಯಾವ ರೆಜಿಮೆಂಟು, ಎಷ್ಟನೇ ನಂಬರು? ಅದೇ ನಂಬರು ಒರೆಯ ಬಾಯಿಯ ಮೇಲೂ ಇದ್ದರೆ ಹುಟ್ಟುಜೋಡಿ. ಇಲ್ಲದಿದ್ದರೆ ಎರಡನೇ ಸಂಬಂಧ.

ಮುದುಕ ಎಕೆಹಾರ್ಟನ ಹತ್ತಿರ ಇದ್ದದ್ದು ಬರೀ ಒರೆ. ಸಾವಿರದೊಂಬೈನೂರ ಹದಿನಾಲ್ಕರ ಮಹಾಯುದ್ಧದ ಮೊದಲ ಶರತ್ಕಾಲದಲ್ಲೇ ಅವನಪ್ಪ ಸತ್ತ. ಆಗ ಕತ್ತಿ ಬಂದೂಕಿನ ತುದಿಯಲ್ಲಿತ್ತು, ಅಲ್ಲೇ ಕಳೆಯಿತು. ಸೊಂಟದಲ್ಲಿದ್ದ ಖಾಲಿ ಚರ್ಮದ ಒರೆ ಮಾತ್ರ ಮನೆಗೆ ಬಂತು, ನಂಬರ್ ಎಂಬತ್ತೇಳು. ಎಕೆಹಾರ್ಟ್ ಇನ್ನೂ ತಾಯಿಯ ಹೊಟ್ಟೆಯಲ್ಲಿದ್ದ. ಹುಟ್ಟಿ ಬೆಳೆದು ಜೀವಮಾನವೆಲ್ಲ ಆ ಕತ್ತಿ ಹುಡುಕಿದ. ಈಗ ಕಣ್ಣು ಮಂಜು. ಬರುವ ಚಳಿಗಾಲದೊಳಗೆ ಪೂರ್ತಿ ಕತ್ತಲೆ ಅಂತ ಡಾಕ್ಟರು ಹೇಳಿಬಿಟ್ಟಿದ್ದರು.

ಚಾಕು ಕಾರ್ಖಾನೆಯಲ್ಲಿ ಮುದ್ರೆ ಒತ್ತುವ ಫೋಲ್ಕ್‌ಮಾರ್‌ಗೆ ಅವನನ್ನು ಬೇಸ್ತು ಬೀಳಿಸಲು ಕೈ ತುರಿಸಿತು. ನಂಬರೇ ಇಲ್ಲದ ಹಳೇ ಬಯೋನೆಟ್ಟೊಂದು ತಂದು, ಎಕೆಹಾರ್ಟನ ಅಪ್ಪನ ರೆಜಿಮೆಂಟು, ಎಂಬತ್ತೇಳು, ಎಲ್ಲ ಒತ್ತಿ, ವಿನೆಗರಿನಲ್ಲಿ ನೆನೆಸಿ ಹೊಸ ಮುದ್ರೆಯನ್ನೂ ಮುದಿಮಾಡಿದ. ಮೇಜಿನವರೆಲ್ಲ ಭೂತಗನ್ನಡಿ ಹಿಡಿದು ನೋಡಿದೆವು. ಅಂಕಿಯ ಬಾಲ ಕೂಡ ತಪ್ಪಿರಲಿಲ್ಲ.

"ಒಂದು ಬಿಯರ್ ಇಳಿಯೋ ತನಕ ಮುದುಕ ಕುಣೀಲಿ, ಆಮೇಲೆ ಹೇಳಿದ್ರಾಯ್ತು," ಅಂದ ಫೋಲ್ಕ್‌ಮಾರ್.

ಆ ಭಾನುವಾರ ಅವನು, ಕಣ್ಣು ಮಂಜಾದ ಮುದುಕನಿಗೆ ಗುರುತು ಸಿಗದಂತೆ, ಬವೇರಿಯಾದ ವ್ಯಾಪಾರಿಯ ದನಿ ತೆಗೆದು ಮೂಗಿನಲ್ಲೇ ರಾಗ ಎಳೆದ: "ಯಜಮಾನ್ರೇ, ಅಟ್ಟದ ಮೇಲೆ ಇಲಿ ಕಾವಲಲ್ಲಿ ಇತ್ತು ಕಣ್ರೀ. ಇಲಿಗೂ ಮಾರೋ ಮನಸ್ಸಿಲ್ಲ!"

ಎಕೆಹಾರ್ಟ್ ಕತ್ತಿ ಇಸಕೊಂಡ. ಅಲಗಿನ ಬೆನ್ನ ಮೇಲೆ ಉಗುರು ಎಳೆದ. ಹಿಡಿಯ ಹತ್ತಿರ ಉಗುರು ನಿಂತಿತು. ಆಮೇಲೆ ಅಡ್ಡಪಟ್ಟಿ ಸವರಿ, "ಎಂಬತ್ತೇಳು," ಅಂದ. ಕೋಟಿನೊಳಗಿಂದ ಒರೆ ತೆಗೆದ. ಚರ್ಮ ಎಪ್ಪತ್ತು ವರ್ಷ ಒಣಗಿ ಬಿಗಿದಿತ್ತು. ಹಿಡಿಗೆ ಎದೆ ಕೊಟ್ಟು ಒತ್ತಿದ. ಕರ್ ಅಂತ ಪೂರ್ತಿ ಇಳಿಯಿತು.

ನಾವು ತಡೆಯಲಾರದೆ ಭುಗಿಲೆದ್ದು ನಕ್ಕೆವು. "ಮೂರ್ಖಶಿಖಾಮಣಿ, ಮುದ್ರೆ ನಂದು!" ಅಂದ ಫೋಲ್ಕ್‌ಮಾರ್.

"ಗೊತ್ತು ಕಣೋ, ಕತ್ತೆ," ಅಂದ ಎಕೆಹಾರ್ಟ್. "ಅಲಗಿನ ಬೆನ್ನ ಮೇಲೆ ಕಿರೀಟ, ಕೆಳಗೆ ಇಸವಿ ಹದಿನಾರು. ಅಪ್ಪ ಸತ್ತು ಎರಡು ವರ್ಷಕ್ಕೆ ಕಾರ್ಖಾನೇಲಿ ಹುಟ್ಟಿದ್ದು. ನನಗಿಂತ ಚಿಕ್ಕದು!"

ನಂಬರಿನ ಗುಂಗಿನಲ್ಲಿ ಒಬ್ಬನೂ ಅಲಗಿನ ಬೆನ್ನು ತಿರುಗಿಸಿ ವರ್ಷ ನೋಡಿರಲಿಲ್ಲ.

"ಮತ್ಯಾಕಯ್ಯಾ ತುರುಕಿದೆ?" ಅಂದ ಫೋಲ್ಕ್‌ಮಾರ್.

"ಕಣ್ಣಂತೂ ಹೋಯ್ತು. ಒರೆ ತುಂಬಿದ್ರೆ ಯಾವ ಸದ್ದು ಬರುತ್ತೆ ಅಂತ ಕಿವಿ ಇರೋವಾಗ್ಲೇ ಕೇಳ್ಬೇಕಿತ್ತು."

ಫೋಲ್ಕ್‌ಮಾರ್ ಹಿಡಿಯನ್ನು ಎಳೆದ. ಬರಲಿಲ್ಲ. ಮತ್ತೆ ಎಳೆದ. ಒರೆಯ ಹೊಲಿಗೆ ಪಟಪಟ ಬಿಚ್ಚತೊಡಗಿತು.

"ಬಿಡೋ, ಹರಿಯುತ್ತೆ! ಅಪ್ಪಂದು ಅಂತ ಇರೋದೇ ಅದೊಂದು." ಎಕೆಹಾರ್ಟ್ ಅದನ್ನು ಎದೆಗವಚಿಕೊಂಡು, ನಾವಿದ್ದ ದಿಕ್ಕಿಗಿಂತ ಸ್ವಲ್ಪ ಆಚೆ ನೋಡುತ್ತ ಹೇಳಿದ: "ಇನ್ನು ಅಸಲಿ ಎಂಬತ್ತೇಳು ಬಾಗಿಲಿಗೇ ಬಂದ್ರೂ ಜಾಗ ಇಲ್ಲ, ಮುಂದಕ್ಕೆ ಹೋಗು ಅನ್ಬೇಕು!"

ನಮ್ಮ ನಗು ಅಷ್ಟರಲ್ಲಿ ಒಣಗಿತ್ತು. ಅವನು ಮಾತ್ರ ಮೇಜು ಗುದ್ದಿ ಗುದ್ದಿ, ಗುಂಡುಲಾ ಅಡುಗೆಮನೆಯಿಂದ ಓಡಿಬರುವಷ್ಟು ಜೋರಾಗಿ ನಗುತ್ತಲೇ ಇದ್ದ.