ನಲವತ್ತೊಂಬತ್ತೋ ಅರವತ್ತೊಂದೋ

ನಲವತ್ತೊಂಬತ್ತು ಕೀಗಳ ಕೀಬೋರ್ಡು ಅಂಗಡಿಯ ಟ್ಯೂಬ್‌ಲೈಟಿನ ಕೆಳಗೆ ಹಲ್ಲು ಕಿರಿಯುತ್ತಿದೆ, ಅರವತ್ತೊಂದರದ್ದು ಅವಳ ಮೇಜಿನ ಮೇಲೆ ಹಿಡಿಸುವುದಿಲ್ಲ, ಅಂದರೆ ಹಿಡಿಸುತ್ತದೆ, ಮಾನಿಟರನ್ನು ಗೋಡೆಗೆ ಒತ್ತಿದರೆ, ಗಂಡನ ಇಸ್ತ್ರಿ ಬಟ್ಟೆಯ ರಾಶಿಯನ್ನು ಎಲ್ಲಿಗಾದರೂ ಸಾಗಹಾಕಿದರೆ — ಮನೆ ಬಿಡುವಾಗ ಟೇಪಿನಲ್ಲಿ ಅಳೆದು ಅಂಗೈ ಮೇಲೆ ಬರೆದುಕೊಂಡಿದ್ದಳು ಜಾಣೆ, ಈಗ ಬೆವರಿಗೆ ಅದು ಎಂಬತ್ತೋ ತೊಂಬತ್ತೋ ದೇವರಿಗೇ ಗೊತ್ತು. ಅಂಗಡಿಯವನು ಉಸಿರು ಬಿಡದೆ ಹೇಳುತ್ತಿದ್ದಾನೆ, ಮೇಡಂ ಇದರಲ್ಲಿ ತಾಳ ಬಡಿಯೋ ಪ್ಯಾಡ್ ಹದಿನಾರು, ಅದರಲ್ಲಿ ಎಂಟೇ, ಇದರ ಕೀ ಹಗುರ, ಅದು ಪಿಯಾನೋ ತರಾನೇ ಭಾರ, ಅವಳು ಹೂಂ ಹೂಂ ಎನ್ನುತ್ತಾಳೆ, ತಲೆಯೆಲ್ಲ ಕಲಸುಮೇಲೋಗರ. ಸಾಕ್ಷ್ಯಚಿತ್ರಗಳಿಗೆ ಹಿನ್ನೆಲೆ ಸಂಗೀತ ಮಾಡುವವಳಿಗೆ ಹದಿನಾರು ಪ್ಯಾಡ್ ಯಾಕೆ, ಇರಲಿ, ಇದ್ದರೆ ಬೇಡವೇ, ಅಪ್ಪನನ್ನು ಕೇಳಿದರಾಯಿತು, ನಲವತ್ತು ವರ್ಷ ಊರಿನ ಪಿಯಾನೋಗಳಿಗೆಲ್ಲ ಶ್ರುತಿ ಮಾಡಿದ ಅಪ್ಪ, ಅದಕ್ಕೇ ತಾನೇ ಕರೆತಂದದ್ದು — ಅದಕ್ಕಲ್ಲ, ಸುಳ್ಳು, ಅವನ ಕಿವಿ ಹೇಗಿದೆ ನೋಡೋಣವೆಂದು, ಹೋದ ವಾರ ಶಾಲೆಯ ಸಂಗೀತದ ಮೇಡಂ ಫೋನ್ ಮಾಡಿ, ಬೇಜಾರು ಮಾಡ್ಕೋಬೇಡಿ, ನಿಮ್ಮ ತಂದೆ ಶ್ರುತಿ ಮಾಡಿ ಹೋದ್ಮೇಲೆ ಮೇಲಿನ ಸ್ವರಗಳೆಲ್ಲ ಅಪಸ್ವರ, ಎಂದದ್ದು ಎದೆಯಲ್ಲಿ ಕೂತಿದೆ, ಅಪ್ಪನಿಗೆ ಹೇಳಿದರೆ ಸಿಡುಕಿದ್ದ, ನನ್ನ ಕಿವಿಗೇನಾಗಿದೆ, ಸೆಖೆಗೆ ಮರ ಹಿಗ್ಗಿರತ್ತೆ. ಚಿಕ್ಕವಳಿದ್ದಾಗ ಅವನ ಸಲಕರಣೆಯ ಚೀಲ ಹೊತ್ತು ಮನೆಮನೆ ಸುತ್ತುತ್ತಿದ್ದಳು, ಅಪ್ಪ ಕಣ್ಣು ಮುಚ್ಚಿ ಒಂದು ಬಿಳಿ ಕೀ ಒತ್ತುವನು, ಬಲಗಿವಿಯನ್ನು ಅದರ ಮೇಲೆ ಬಗ್ಗಿಸುವನು, ನಾದ ಪೂರ್ತಿ ಆರುವವರೆಗೆ ಮನೆಯವರು ಕೆಮ್ಮುವ ಹಾಗೂ ಇಲ್ಲ, ಆಮೇಲೆ ಅವಳ ಕಡೆ ತಿರುಗಿ, ಈಗ ಸ್ವರ ಮನೆಗೆ ಬಂತು ನೋಡು.

ಕೇಬಲ್ ತರ್ತೀನಿ ಮೇಡಂ, ಅಂಗಡಿಯವನು ಒಳಗೆ ಹೋಗುತ್ತಿದ್ದಾನೆ, ಇದಕ್ಕೆ ತನ್ನದೇ ಆದ ದನಿ ಇಲ್ವಲ್ಲ, ಕಂಪ್ಯೂಟರ್‌ಗೆ ಜೋಡಿಸಿದ್ರೇನೇ ಕೇಳೋದು, ಗೊತ್ತು ಮಾರಾಯ, ಅಷ್ಟೂ ಗೊತ್ತಿಲ್ಲವೇ ಅವಳಿಗೆ, ಆದರೆ ಅಪ್ಪನಿಗೆ? ಅಪ್ಪನಿಗೆ ಹೇಳಿದ್ದಳೇ? ತಿರುಗುತ್ತಾಳೆ. ಅಪ್ಪ ಅರವತ್ತೊಂದರ ಮುಂದೆ ಕಣ್ಣು ಮುಚ್ಚಿ ನಿಂತಿದ್ದಾನೆ, ತಂತಿಯಿಲ್ಲದ, ದೀಪ ಹತ್ತದ ಅದರ ಒಂದು ಬಿಳಿ ಕೀ ಒತ್ತುತ್ತಾನೆ, ಬಲಗಿವಿ ಬಗ್ಗಿಸುತ್ತಾನೆ, ಮತ್ತೆ ಒತ್ತುತ್ತಾನೆ, ಇನ್ನೂ ಬಲವಾಗಿ, ಆಮೇಲೆ ಪಕ್ಕದ್ದು, ಅದರ ಪಕ್ಕದ್ದು. ಹೇಳಿಬಿಡಬೇಕು, ಅಪ್ಪಾ ಅದು — ಅಷ್ಟರಲ್ಲಿ ಅವನು ಕಣ್ಣು ಬಿಟ್ಟ, ಅವಳು ನೋಡುತ್ತಿರುವುದನ್ನು ಕಂಡ, ಮುಖ ಬಿಳುಚಿಕೊಂಡಿತ್ತು, ಮರುಕ್ಷಣ ನಕ್ಕ, ಇದನ್ನೇ ತಗೋ ಮಗಳೇ, ಎಷ್ಟು ಇಂಪಾಗಿದೆ, ಒಂದೊಂದು ಸ್ವರಾನೂ ಮನೆಗೆ ಬಂದಿದೆ. ಅಯ್ಯೋ, ಈಗ ಏನು ಹೇಳುವುದು, ನಿನ್ನ ಕಿವಿಯ ತಪ್ಪಲ್ಲ ಅಪ್ಪ, ಇದೇ ಮೂಗಿ ಎಂದರೆ ಅವನಿಗೆ ಜೀವ ಬರುತ್ತದೆ, ಆದರೆ ಆಡಿದ ಸುಳ್ಳು ಬಯಲಾಗುತ್ತದೆ, ಎಷ್ಟು ದಿನದಿಂದ ಹೀಗೆ ಕೇಳದ್ದನ್ನು ಕೇಳಿತೆನ್ನುತ್ತಿದ್ದಾನೋ, ಹೇಳದಿದ್ದರೆ ನಾಳೆ ಮತ್ತೆ ಚೀಲ ಹೊತ್ತು ಹೊರಡುತ್ತಾನೆ, ಅವನ ಮಾನ ಉಳಿಸಲೇ, ಉಳಿದಷ್ಟು ಕಿವಿಯನ್ನು ಉಳಿಸಲೇ, ಅಂಗಡಿಯವನು ಕೇಬಲ್ ಬಿಚ್ಚುತ್ತ ಬಂದೇಬಿಟ್ಟ, ಯಾವುದು ಮೇಡಂ, ನಲವತ್ತೊಂಬತ್ತೋ ಅರವತ್ತೊಂದೋ, ಅರವತ್ತೊಂದು, ನಲವತ್ತೊಂಬತ್ತು, ಅಪ್ಪನ ಬೆರಳು ಇನ್ನೂ ಅಲ್ಲೇ ಇದೆ, ಬಗ್ಗಿದ ಬಲಗಿವಿ, ಇಳಿದು ಏಳುವ ಬಿಳಿ ಕೀ, ಬಗ್ಗಿದ ಬಲಗಿವಿ, ಬಿಳಿ ಕೀ —