ಕೆಂಪು ಉಂಡೆ ತಿಂದವಳು

ನಾನು ಒಂದು ಮುದಿ ಕೋತಿ. ನೂರು ಮರಿಗಳನ್ನು ಎದೆಗವಚಿ ಸಾಕಿದವಳು. ಇದರಲ್ಲಿ ಅರ್ಧ ಸುಳ್ಳು. ಉಳಿದರ್ಧವನ್ನೂ ಪೂರ್ತಿ ನಂಬಬೇಡಿ.

ಹುಟ್ಟಿದ್ದು ಬಂಡೆಗುಡ್ಡದ ಆಲದ ಮರದಲ್ಲಿ. ಕೋತಿ ಆಡಿಸುವವನೊಬ್ಬ ಬಲೆ ಹಾಕಿ ಹಿಡಿದು, ಲಂಗ ತೊಡಿಸಿ, ಸಂತೆ ಸಂತೆಯಲ್ಲಿ ಸಲಾಂ ಹೊಡೆಸಿದ. ಅರಣ್ಯ ಇಲಾಖೆಯವರು ಅವನಿಂದ ಬಿಡಿಸಿ ಈ ಆರೈಕೆ ಕೇಂದ್ರಕ್ಕೆ ತಂದರು. ಇಲ್ಲಿ ಸಿಕ್ಕ ಗಂಡ ಹೋದ ವರ್ಷ ಸತ್ತ. ಅವನ ಪಾಲಿನ ಬಾಳೆಹಣ್ಣನ್ನೂ ಈಗ ನಾನೇ ತಿನ್ನುತ್ತೇನೆ, ದುಃಖಕ್ಕೆ.

ಮನುಷ್ಯರನ್ನು ನಾನು ನಂಬುವುದಿಲ್ಲ. ಅದರಲ್ಲೂ ಡಾಕ್ಟರ್ ಶರ್ವಾಣಿಯನ್ನು. ನಮ್ಮ ಕಕ್ಕವನ್ನು ಚಮಚದಲ್ಲಿ ಎತ್ತಿ, ಶೀಶೆಗೆ ತುಂಬಿ, ಐಸ್ ಪೆಟ್ಟಿಗೆಯಲ್ಲಿ ಮಲಗಿಸಿ ಊರಿಗೆ ಕಳಿಸುವವಳನ್ನು ಯಾರು ನಂಬುತ್ತಾರೆ?

ಒಂದು ದಿನ ತಾಯಿ ಸತ್ತ ಮರಿಯೊಂದು ಬಂತು. ಬಾಟಲಿ ಹಾಲು ಕುಡಿಯುತ್ತಿತ್ತು. ಆದರೆ ತಬ್ಬಿಕೊಳ್ಳಲು ಒಂದು ಮೈಯಿಲ್ಲದೆ ದಿನದಿನಕ್ಕೆ ಒಣಗುತ್ತಿತ್ತು. ನಮ್ಮ ಗೂಡಿನಲ್ಲಿದ್ದವರು ಇಬ್ಬರು: ನಾನು, ಮತ್ತು ಆಗಷ್ಟೇ ಮರಿ ಕಳೆದುಕೊಂಡಿದ್ದ ಪ್ರಾಯದ ಕೆಂಚಿ.

"ಮಿದುಳು ಹುಕುಂ ಕೊಟ್ರೆ ಮೈಯಲ್ಲಿ ತಾಯ್ತನದ ಹಾರ್ಮೋನು ಏರತ್ತೆ," ಎಂದಳು ಡಾಕ್ಟರ್. "ಮರಿ ಅಳೋದು ಕೇಳಿ ಯಾರಿಗೆ ಏರತ್ತೋ, ಅವಳಿಗೆ ಕೊಡೋಣ. ಕಕ್ಕದಲ್ಲಿ ಗೊತ್ತಾಗತ್ತೆ."

"ಮಡ್ಲಿಗೆ ಹಾಕಿದ್ರೆ ಗೊತ್ತಾಗಕ್ಕಿಲ್ವಾ, ಮೇಡಮ್ಮೋರೆ?" ಎಂದಳು ಗೂಡು ತೊಳೆಯುವ ಪುಟ್ಟಲಿಂಗಮ್ಮ.

"ಮುದುಕಿ ಕಚ್ಚಿಬಿಟ್ರೆ?"

ಯಾರ ಕಕ್ಕ ಯಾವುದೆಂದು ತಿಳಿಯಲು ಬಣ್ಣದ ರಾಗಿ ಉಂಡೆ ಬಂತು. ಕೆಂಚಿಗೆ ಕೆಂಪು, ನನಗೆ ಹಸಿರು. ಹಸಿರಿನ ಮೇಲೆ ನನಗೆ ಅನುಮಾನ. ವಿಷವೋ ಏನೋ. ಪುಟ್ಟಲಿಂಗಮ್ಮ ಅತ್ತ ತಿರುಗಿದ್ದೇ ತಡ, ಕೆಂಚಿಯ ಉಂಡೆ ಕಿತ್ತು ನುಂಗಿ, ನನ್ನದನ್ನು ಅವಳತ್ತ ಉರುಳಿಸಿದೆ. ಪಾಪ, ತಿಂದಳು.

ವಾರ ಬಿಟ್ಟು ಡಾಕ್ಟರ್ ಊರಿಂದ ಬಂದ ಕಾಗದ ಹಿಡಿದು ಬಂದಳು. "ಕೆಂಪು ಕಕ್ಕದಲ್ಲಿ ಹಾರ್ಮೋನು ತುಂಬಾ ಇದೆ. ಕೆಂಚೀನೇ ತಾಯಿ."

ನನ್ನನ್ನು ಪಕ್ಕದ ಗೂಡಿಗೆ ತಳ್ಳಿ ನಡುವಿನ ಬಾಗಿಲು ಇಳಿಸಿದರು. ಕೆಂಚಿ ಮರಿಯನ್ನು ಮೂಸಿದಳು, ಮೊಣಕೈಯಲ್ಲಿ ದೂಡಿದಳು. ಎರಡು ದಿನ ಹೀಗೇ. ಮರಿ ತನ್ನನ್ನೇ ತಾನು ತಬ್ಬಿಕೊಂಡು ಮೂಲೆ ಸೇರಿತು. ಹಾಲು ಬಿಟ್ಟಿತು. ಕೊನೆಗೆ ಅಳುವುದನ್ನೂ ಬಿಟ್ಟಿತು. ನಾನು ಸರಳು ಹಿಡಿದು ಇಡೀ ಕೇಂದ್ರವೇ ನಡುಗುವಂತೆ ಅಲ್ಲಾಡಿಸಿದೆ.

"ನೋಡಿ, ಎಷ್ಟು ಸಿಟ್ಟು ಇದಕ್ಕೆ," ಎಂದಳು ಡಾಕ್ಟರ್.

ಪುಟ್ಟಲಿಂಗಮ್ಮ ಪೊರಕೆ ಕೆಳಗಿಟ್ಟು ನನ್ನ ಮುಖವನ್ನೇ ನೋಡಿದಳು. "ಮೇಡಮ್ಮೋರೆ, ಉಂಡೆ ಬಣ್ಣ ಅಂಟಿ ಮುದುಕಿ ಗಡ್ಡದ ಕೂದ್ಲು ಇನ್ನೂ ಕೆಂಪಗೈತೆ. ಕೆಂಚೀದು ಹಸ್ರಗೈತೆ."

ಡಾಕ್ಟರ್ ಕಾಗದ ನೋಡಿದಳು, ನನ್ನ ಗಡ್ಡ ನೋಡಿದಳು. ಬಾಗಿಲೆತ್ತುವ ಹಗ್ಗ ಹಿಡಿದರೂ ಎಳೆಯಲಿಲ್ಲ.

"ಇದು ಕಚ್ಚಿಬಿಟ್ರೆ, ಪುಟ್ಟಲಿಂಗಮ್ಮ?"

"ಕಚ್ಚೋಳಾಗಿದ್ರೆ ನಿಮ್ಮನ್ನ ಯಾವತ್ತೋ ಕಚ್ಚೋಳು. ಎಳೀರಿ."

ಅದಾಗಿ ತಿಂಗಳಾಯಿತು. ಡಾಕ್ಟರ್ ಇನ್ನೂ ನನ್ನ ಮೇಲೊಂದು ಕಣ್ಣಿಟ್ಟಿದ್ದಾಳೆ. ನಾನು ಅವಳ ಮೇಲೆ ಎರಡೂ ಇಟ್ಟಿದ್ದೇನೆ. ಕಡಲೆಕಾಯಿಯನ್ನು ಈಗ ಒಂದೇ ಕೈಯಲ್ಲಿ ಹಿಡಿದು, ಅಳಿದುಳಿದ ಹಲ್ಲಲ್ಲಿ ಒಡೆಯುತ್ತೇನೆ. ಇನ್ನೊಂದು ಕೈಗೆ ಬಿಡುವಿಲ್ಲ. ಅದು ಏನು ಹಿಡಿದುಕೊಂಡಿದೆ ಅಂತ ನೀವೇ ಹೇಳಿ, ನೋಡೋಣ.